ರಜಾಕಾರರ ಕಾಲದಲ್ಲಿ ಊರಿಗೆ ನೆರವಾದ ಮಕ್ಕಳ ಕಥೆಯನ್ನು ಶಾಲೆಯಲ್ಲಿ ಹೇಗೆ ಹೇಳಬೇಕು?

ಶಾಲೆಯಂಗಳ (ಆಳಂದ):
ಎಲ್ಲರಿಗೂ ಶರಣು. ನಾನು ಸರಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 1948ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿಗೆ ನಡೆಯುವ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಪ್ರತಿವರ್ಷ ಧ್ವಜಾರೋಹಣ, ಎರಡು ಭಾಷಣ, ಒಂದು ನೃತ್ಯ ಆಗಿ ಸಿಹಿ ಹಂಚಿದರೆ ಕಾರ್ಯಕ್ರಮ ಮುಗಿಯುತ್ತದೆ. ಈ ಸಲ ಒಂಬತ್ತನೆಯ ತರಗತಿಯ ಮಕ್ಕಳು ತಾವೇ ನಾಟಕ ಕಟ್ಟುತ್ತೇವೆಂದು ಹಟ ಹಿಡಿದಿದ್ದಾರೆ. ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ, ಜರ್ಮನ್ ಸೈನ್ಯ ಆಕ್ರಮಿಸಿಕೊಂಡಿದ್ದ ದೇಶಗಳಲ್ಲಿ ಶಾಲಾ ಮಕ್ಕಳು ಪತ್ರ ಸಾಗಿಸಿದ್ದನ್ನು, ಕಾವಲು ಕಾದಿದ್ದನ್ನು, ಅಡಗಿ ಕುಳಿತವರಿಗೆ ಊಟ ಒಯ್ದಿದ್ದನ್ನು ಹೇಳಿದ್ದೆ. ಅದನ್ನು ಕೇಳಿದ ಮೇಲೆ, ‘ನಮ್ಮೂರಿಗೆ ರಜಾಕಾರರು ಬಂದಾಗ ನಮ್ಮ ವಯಸ್ಸಿನವರು ಏನು ಮಾಡಿದರು?’ ಎಂದು ಅವರು ಬಿಡದೆ ಕೇಳುತ್ತಿದ್ದಾರೆ. ಸಂಸ್ಥಾನದ ಹೋರಾಟ ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರ ಬಗ್ಗೆ, ಸರದಾರ್ ಪಟೇಲರ ಬಗ್ಗೆ, ನಿಜಾಮರ ಪರವಾಗಿದ್ದ ರಜಾಕಾರರ ಸಶಸ್ತ್ರ ಪಡೆಯ ನಾಯಕ ಖಾಸಿಂ ರಜ್ವಿಯ ಬಗ್ಗೆ ನಾನು ಹೇಳಬಲ್ಲೆ. ಆದರೆ ಹತ್ತು ಹನ್ನೆರಡು ವರ್ಷದವರ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ನಿಮ್ಮ ಮನೆಯ ಹಿರಿಯರು ಹೇಳಿದ್ದೇನಾದರೂ ಇದ್ದರೆ ದಯವಿಟ್ಟು ಬರೆಯಿರಿ. ಜೊತೆಗೆ ಒಂದು ಮಾತಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಪ್ರಾಣಾಪಾಯದ ಕೆಲಸಕ್ಕೆ ಮಕ್ಕಳನ್ನು ಹಚ್ಚಿದ್ದನ್ನು ಬರೀ ಶೌರ್ಯವೆಂದು ಕಲಿಸುವುದು ಸರಿಯೇ ಎಂದು ನಮ್ಮ ಶಾಲೆಯ ಹಿರಿಯ ಶಿಕ್ಷಕರೊಬ್ಬರು ಕೇಳಿದರು. ಅವರಿಗೆ ಕೊಡಲು ನನ್ನಲ್ಲಿ ಇನ್ನೂ ಉತ್ತರ ಇಲ್ಲ.

ಕಾರಂಜಾ ದಂಡೆ (ಭಾಲ್ಕಿ):
ಶರಣು ಮೇಡಂ. ಖಂಡಿತ ಮಾಡಿಸಿರಿ. ನಮ್ಮ ಆಯಿ ಆಗ ಒಂಬತ್ತು ವರ್ಷದವಳು. ಊರಿನ ಗಂಡಸರಲ್ಲಿ ಕೆಲವರು ಹಗಲು ಹೊತ್ತು ಊರೊಳಗೆ ಇರುವಂತಿರಲಿಲ್ಲ. ಹಳ್ಳದ ಆಚೆ ಗುಡ್ಡದ ಮಗ್ಗುಲಲ್ಲಿ ಇದ್ದು, ರಾತ್ರಿ ಅಗಸಿಯ ಹತ್ತಿರ ಬಂದು ಪಹರೆ ಕಾಯುತ್ತಿದ್ದರು. ಅವರಿಗೆ ಬುತ್ತಿ ಮುಟ್ಟಿಸುವವರು ಯಾರು? ದೊಡ್ಡ ಹೆಂಗಸರು ತಲೆಯ ಮೇಲೆ ಬುತ್ತಿ ಹೊತ್ತು ಹೊರಟರೆ ‘ಯಾರಿಗೆ?’ ಎಂಬ ಪ್ರಶ್ನೆ ಬರುತ್ತಿತ್ತು. ಹೀಗಾಗಿ ಕುಳ್ಳಿನ ಬುಟ್ಟಿಯ ತಳಕ್ಕೆ ಅರಿವೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಇಟ್ಟು, ಮೇಲೆ ಕುಳ್ಳು ಪೇರಿಸಿ, ಅದನ್ನು ಹುಡುಗಿಯರ ತಲೆಗೆ ಹೊರಿಸುತ್ತಿದ್ದರು. ಸೆಗಣಿ ಆಯುವ ಹುಡುಗಿಯನ್ನು ತಡೆದು ನಿಲ್ಲಿಸಿ ಕೇಳುವವರು ಯಾರೂ ಇರಲಿಲ್ಲವಂತೆ. ಬಿಸಿ ರೊಟ್ಟಿಯಾದರೆ ವಾಸನೆ ಹೊಡೆಯುತ್ತದೆಂದು ಹಿಂದಿನ ದಿನದ ಒಣ ರೊಟ್ಟಿಯನ್ನೇ ಕೊಡುತ್ತಿದ್ದರು ಎಂಬುದನ್ನು ಆಯಿ ಪ್ರತಿಸಲವೂ ಹೇಳುತ್ತಾಳೆ.

ಹುಡುಗರ ಕೆಲಸ ಹುಡೇವಿನ (ಊರು ಕಾಯುವ ಎತ್ತರದ ಬುರುಜಿನ) ಮೇಲಿತ್ತು. ಬಂಡಿದಾರಿಯಲ್ಲಿ ಧೂಳೆದ್ದರೆ ಕೆಳಗಿಳಿದು ಬಂದು ‘ಎಮ್ಮೆ ಬಿಚ್ಚಿಕೊಂಡಾವ’ ಎಂದು ಕೂಗುತ್ತ ಓಣಿ ತುಂಬ ಓಡಬೇಕು. ಹೊರಗಿನವರ ಕಿವಿಗೆ ಅದು ದನಗಾಹಿ ಹುಡುಗನ ಕೂಗು, ಊರವರಿಗೆ ಮಾತ್ರ ಅದರ ಅರ್ಥ ಗೊತ್ತು. ಕೂಗು ಕೇಳಿದೊಡನೆ ಹೆಂಗಸರು ಕಾಳುಕಡಿ, ಬೆಳ್ಳಿ ಬಂಗಾರ ಒಳಗೆ ಹಾಕಿ, ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಪಾಟೀಲರ ವಾಡೆಗೆ ಕಳಿಸುತ್ತಿದ್ದರು.

ಚಿತ್ತಾಪುರದ ಕಲ್ಲು:
ನಮ್ಮ ಕಡೆಯೂ ಹುಡೇವಿನ ಮೇಲೆ ಹುಡುಗರನ್ನೇ ಕೂರಿಸುತ್ತಿದ್ದರೆಂದು ಮುತ್ಯಾ ಹೇಳುತ್ತಿದ್ದರು. ಹುಡುಗರ ಕಣ್ಣು ಚುರುಕು ಎಂಬುದು ಅವರ ಮಾತು.

ಶಹಾಪುರದ ಓದುಗ:
ಒಂದು ತಿದ್ದುಪಡಿ. ರಜಾಕಾರರು ಹೊರಗಿನಿಂದ ಬಂದು ದೇಶವನ್ನು ಹಿಡಿದ ಸೈನ್ಯವಲ್ಲ. ಪೋಲೆಂಡನ್ನು ಆಕ್ರಮಿಸಿದ್ದ ಜರ್ಮನರಿಗೆ ಅವರನ್ನು ಹೋಲಿಸಿದರೆ ಮಕ್ಕಳ ತಲೆಯಲ್ಲಿ ಇತಿಹಾಸ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ.

ದಫ್ತರ ಖಾನೆ (ಕಲಬುರಗಿ):
ಓದುಗರು ಹೇಳಿದ್ದು ಸರಿ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1947ರ ಆಗಸ್ಟ್ 15ರಂದು ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ನಿಜಾಮರಿಗೆ ತಮ್ಮದೇ ಸೈನ್ಯ ಮತ್ತು ಪೊಲೀಸರು ಇದ್ದರು. ರಜಾಕಾರರು ಇತ್ತೇಹಾದುಲ್ ಮುಸಲ್ಮೀನ್ ಪಕ್ಷದ ಸ್ವಯಂಸೇವಕ ಪಡೆಯವರು. ಅವರ ನಾಯಕ ಖಾಸಿಂ ರಜ್ವಿ ಲಾತೂರಿನಲ್ಲಿ ವಕೀಲನಾಗಿದ್ದವನು. ಸರಕಾರದ ಕೃಪೆಯಿದ್ದ ಖಾಸಗಿ ಪಡೆ ಅದು, ಅದಕ್ಕೆ ಯಾವ ಕಾನೂನಿನ ಲಗಾಮೂ ಇರಲಿಲ್ಲ. ಬೀದರ್, ಗುಲ್ಬರ್ಗಾ, ರಾಯಚೂರು ಈ ಮೂರು ಕನ್ನಡ ಜಿಲ್ಲೆಗಳು ಅಂದು ಆ ಸಂಸ್ಥಾನದಲ್ಲಿದ್ದವು. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯೊಳಗಿತ್ತು.

ಹಾಗಿದ್ದರೂ ಮೇಡಂ ಅವರ ಪ್ರಶ್ನೆ ಅಸಂಬದ್ಧವಲ್ಲ. ಕುದುರೆ ಏರಿ ಬಂದೂಕು ಹಿಡಿದವರು ಊರಿಗೆ ನುಗ್ಗಿ ಧಾನ್ಯ ಎತ್ತಿಕೊಂಡು ಹೋಗುವಾಗ, ಅವರು ಪರದೇಶದವರೋ ಪಕ್ಕದ ತಾಲ್ಲೂಕಿನವರೋ ಎಂಬುದರಿಂದ ಹಗೇವಿನ (ನೆಲದೊಳಗೆ ಕಾಳು ತುಂಬಿಡುವ ಕುಣಿಯ) ಬಾಯಿ ಕಾಯುತ್ತ ನಿಂತ ಹುಡುಗಿಯ ಭಯ ಹೆಚ್ಚುಕಡಿಮೆಯಾಗುವುದಿಲ್ಲ. ಹೋಲಿಕೆಯನ್ನು ಮಕ್ಕಳು ಮಾಡಿದ ಕೆಲಸಕ್ಕೆ ಮಿತಿಗೊಳಿಸಿರಿ. ಎರಡು ಆಡಳಿತಗಳ ಸ್ವರೂಪವನ್ನು ಮಾತ್ರ ಒಂದಕ್ಕೊಂದು ಹೋಲಿಸಬೇಡಿರಿ.

ಕೋಟೆ ಓಣಿ (ಬೀದರ್):
ಮಕ್ಕಳು ಮಾಡಿದ ಕೆಲಸದ ಮಾತು ಬಂದದ್ದರಿಂದ ಪೋಲೆಂಡಿನ ರಾಜಧಾನಿ ವಾರ್ಸಾದ ಉದಾಹರಣೆ ಕೊಡುತ್ತೇನೆ. 1944ರ ಆಗಸ್ಟ್ 1ರಂದು ಅಲ್ಲಿ ಜರ್ಮನರ ವಿರುದ್ಧ ದಂಗೆ ಆರಂಭವಾಗಿ 63 ದಿನ ನಡೆಯಿತು. ಆ ನಗರದ ಸ್ಕೌಟ್ ಮಕ್ಕಳು ಅಂಚೆ ವ್ಯವಸ್ಥೆಯೊಂದನ್ನು ನಡೆಸಿದರು. ಓಣಿ ಓಣಿಗಳ ನಡುವೆ ಗುಂಡು ಹಾರುತ್ತಿದ್ದುದರಿಂದ ಒಂದು ಬಡಾವಣೆಯವರಿಗೆ ಇನ್ನೊಂದು ಬಡಾವಣೆಯವರು ಬದುಕಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಾಗದದಲ್ಲಿ 25 ಪದ ಮೀರಬಾರದು, ಸೈನಿಕ ವಿಷಯ ಬರೆಯಬಾರದು, ಬರೆದದ್ದನ್ನು ಹಿರಿಯರು ಓದಿ ಒಪ್ಪಬೇಕು ಎಂಬ ನಿಯಮವಿತ್ತು. ಶುಲ್ಕವಿರಲಿಲ್ಲ. ಗಾಯಾಳುಗಳಿಗೆಂದು ಪುಸ್ತಕ, ಪಟ್ಟಿ ಬಟ್ಟೆ, ತಿನಿಸು ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು. ಹುಡುಗರು ನೆಲಮಾಳಿಗೆಗಳ ಮೂಲಕ, ಕೆಲವೊಮ್ಮೆ ಚರಂಡಿ ಸುರಂಗಗಳ ಮೂಲಕ ಹಾದು ಅವುಗಳನ್ನು ಮುಟ್ಟಿಸಿದರು.

ನಾಟಕ ಕಟ್ಟುವವರು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಆ ಭೂಗತ ಸ್ಕೌಟ್ ಸಂಘಟನೆಯವರು ವಯಸ್ಸಿನ ಪ್ರಕಾರ ಕೆಲಸ ಹಂಚಿದ್ದರು. 12ರಿಂದ 14 ವರ್ಷದವರಿಗೆ ಅಂಚೆಯಂಥ ಸಹಾಯಕ ಕೆಲಸ, 15ರಿಂದ 17ರವರಿಗೆ ಗೋಡೆ ಬರಹ, ಕರಪತ್ರ, ಕಾವಲು ಮತ್ತು ತರಬೇತಿ, 18 ದಾಟಿದವರಿಗಷ್ಟೇ ದಾಳಿಯ ಕೆಲಸ. ಯುದ್ಧ ತೀವ್ರವಾದಾಗ ಈ ಗೆರೆ ಎಲ್ಲ ಕಡೆ ಉಳಿಯಲಿಲ್ಲ. ಆದರೂ ಇಂಥ ಗೆರೆ ಬೇಕೆಂದು ಹಿರಿಯರಿಗೆ ಅನ್ನಿಸಿತ್ತು ಎಂಬುದು ದೊಡ್ಡ ಮಾತು.

ಭೀಮಾತೀರ (ಅಫಜಲಪುರ):
ನಮ್ಮದು ಗಡಿಯ ತಾಲ್ಲೂಕು. ಆಚೆ ಮುಂಬಯಿ ಪ್ರಾಂತ, ಈಚೆ ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಎಷ್ಟೋ ಕುಟುಂಬಗಳು ಸೋಲಾಪುರದ ಕಡೆಗೆ, ಅಕ್ಕಲಕೋಟೆಯ ಕಡೆಗೆ ಹೋಗಿ ಬಿಡಾರ ಹೂಡಿದವು. ಹೋರಾಟಗಾರರ ಶಿಬಿರಗಳೂ ಗಡಿಯ ಆ ಬದಿಗೇ ಇದ್ದವು. ಊರಲ್ಲಿ ಉಳಿದವರಿಗೂ ಆಚೆ ಹೋದವರಿಗೂ ಸುದ್ದಿ ಸಾಗಬೇಕಲ್ಲ, ಅದು ಕಾಗದದಲ್ಲಿ ಸಾಗುತ್ತಿರಲಿಲ್ಲ. ನಮ್ಮ ದೊಡ್ಡ ಕಾಕಾ ಹುಡುಗನಿದ್ದಾಗ ಇಂಥ ಸುದ್ದಿಯನ್ನು ಬಾಯಿಪಾಠ ಮಾಡಿ ಒಯ್ದವರು. ಹೇಳಿ ಕಳಿಸಿದ ಮಾತನ್ನು ಅದೇ ಕ್ರಮದಲ್ಲಿ ಮೂರು ಸಲ ಒಪ್ಪಿಸಿದ ಮೇಲೆಯೇ ಅವರನ್ನು ಹೊರಡಗೊಡುತ್ತಿದ್ದರಂತೆ. ತಡೆದು ಕೇಳಿದರೆ ‘ಸೋದರಮಾವನ ಮನೆಗೆ ಹೊಂಟೀನಿ’ ಎನ್ನಬೇಕು, ಮಾವನ ಹೆಸರು, ಮನೆ, ಎತ್ತಿನ ಬಣ್ಣ ಎಲ್ಲವೂ ನಾಲಿಗೆಯ ತುದಿಯಲ್ಲಿರಬೇಕು.

ಶಾಲೆಯಂಗಳ (ಆಳಂದ):
ನೀವೆಲ್ಲ ಇಷ್ಟು ಬೇಗ ಇಷ್ಟೊಂದು ಕೊಟ್ಟದ್ದಕ್ಕೆ ಮಕ್ಕಳ ಪರವಾಗಿ ವಂದನೆ. ಕುಳ್ಳಿನ ಬುಟ್ಟಿಯ ಸಂಗತಿಯನ್ನು ಓದಿ ಹೇಳಿದಾಗ ಹುಡುಗಿಯರು ಆ ದೃಶ್ಯ ತಮಗೇ ಬೇಕೆಂದು ಜಗಳಕ್ಕೆ ಬಿದ್ದರು. ಹುಡುಗರು ಮಾತ್ರ ಕಟ್ಟಿಗೆಯ ಬಂದೂಕು ಮಾಡಿಸಿಕೊಳ್ಳುತ್ತೇವೆ, ಕೊನೆಯ ದೃಶ್ಯದಲ್ಲಿ ಮಕ್ಕಳೇ ರಜಾಕಾರರನ್ನು ಹೊಡೆದೋಡಿಸಬೇಕು ಎನ್ನುತ್ತಿದ್ದಾರೆ. ಏನು ಹೇಳಲಿ?

ರಂಗದ ಹಿಂದೆ (ಕಲಬುರಗಿ):
ಬಂದೂಕು ಬೇಡವೆನ್ನಿರಿ ಮೇಡಂ. ನಾಟಕ ಮಾಡಿಸಿದ ಅನುಭವದಿಂದ ಹೇಳುತ್ತಿದ್ದೇನೆ. ರಂಗದ ಮೇಲೆ ಒಂದು ಬಂದೂಕು ಬಂದರೆ ನೋಡುವವರ ಕಣ್ಣೆಲ್ಲ ಅದರ ಮೇಲೆಯೇ ಇರುತ್ತದೆ, ಬುಟ್ಟಿ ಹೊತ್ತ ಹುಡುಗಿಯನ್ನು ಯಾರೂ ನೋಡುವುದಿಲ್ಲ. ವಾರ್ಸಾದ ಹಳೆಯ ಕೋಟೆ ಗೋಡೆಯ ಹತ್ತಿರ 1983ರಲ್ಲಿ ನಿಲ್ಲಿಸಿದ ಪ್ರತಿಮೆಯೊಂದಿದೆ. ತಲೆಗಿಂತ ದೊಡ್ಡದಾದ ಹೆಲ್ಮೆಟ್ ಹಾಕಿಕೊಂಡು, ಬಂದೂಕು ಹಿಡಿದು ನಿಂತ ಚಿಕ್ಕ ಹುಡುಗ. ಅದರ ಮುಂದೆ ಹೂವಿಡುವವರು ಎಷ್ಟು ಜನರಿದ್ದಾರೋ, ಮಗುವಿನ ಕೈಯಲ್ಲಿ ಬಂದೂಕನ್ನು ಹೀಗೆ ವೈಭವೀಕರಿಸಬಹುದೇ ಎಂದು ಕೇಳುವವರೂ ಅಲ್ಲಿ ಇದ್ದಾರೆ. ಅಂಚೆ ಒಯ್ದ ಹುಡುಗರ ದುಡಿಮೆ ಆ ಒಂದು ಆಕಾರದ ಹಿಂದೆ ಮರೆಯಾಗುತ್ತದೆ ಎಂಬುದು ನನ್ನ ಬೇಸರ.

ಕಾಗಿಣಾ ಹುಡುಗ (ಸೇಡಂ):
ನಾನು ಒಪ್ಪುವುದಿಲ್ಲ. ಎಲ್ಲವನ್ನೂ ಮೆತ್ತಗೆ ಮಾಡಿ ಹೇಳಿದರೆ ಆ ಮಕ್ಕಳಿಗೆ ಅನ್ಯಾಯವಾಗುತ್ತದೆ. 1943ರ ಸೆಪ್ಟೆಂಬರ್ ಕೊನೆಯಲ್ಲಿ ಇಟಲಿಯ ನೇಪಲ್ಸ್ ನಗರದ ಜನ ನಾಲ್ಕೇ ದಿನಗಳಲ್ಲಿ ಜರ್ಮನ್ ಸೈನ್ಯವನ್ನು ಹೊರಹಾಕಿದರು. ಆ ಹೋರಾಟದಲ್ಲಿ ಸತ್ತ ಜೆನ್ನಾರೊ ಕಪುವೊಜ್ಜೊಗೆ 11 ವರ್ಷ, ಅವನಿಗೆ ಮರಣೋತ್ತರವಾಗಿ ದೇಶದ ಅತ್ಯುನ್ನತ ಶೌರ್ಯಪದಕ ಸಂದಿತು. ಸೋವಿಯತ್ ಉಕ್ರೇನಿನ ವಾಲ್ಯಾ ಕೋತಿಕ್ ಗೆರಿಲ್ಲಾ ಪಡೆಗೆ ನೆರವಾಗಿ 1944ರ ಫೆಬ್ರುವರಿಯಲ್ಲಿ 14 ತುಂಬುವ ಹೊತ್ತಿಗೆ ಸತ್ತ, 1958ರಲ್ಲಿ ಸೋವಿಯತ್ ಒಕ್ಕೂಟದ ವೀರ ಎಂಬ ಬಿರುದು ಪಡೆದ. ಇವರು ಆಯುಧ ಹಿಡಿದದ್ದು ನಿಜ. ನಿಜವಾದದ್ದನ್ನು ನಮ್ಮ ಮಕ್ಕಳಿಂದ ಏಕೆ ಮುಚ್ಚಿಡಬೇಕು? ಅನ್ಯಾಯದ ಎದುರು ನಿಲ್ಲುವ ಎದೆಗಾರಿಕೆಯನ್ನು ಈ ವಯಸ್ಸಿನಲ್ಲಿ ಕಲಿಸದೆ ಇನ್ಯಾವಾಗ ಕಲಿಸುವುದು?

ಕೋಟೆ ಓಣಿ (ಬೀದರ್):
ತಮ್ಮಾ, ಮುಚ್ಚಿಡಿ ಎಂದು ಇಲ್ಲಿ ಯಾರೂ ಹೇಳಿಲ್ಲ, ಪೂರ್ತಿ ಹೇಳಿರಿ ಎನ್ನುತ್ತಿದ್ದೇವೆ. ನೀವು ಕೊಟ್ಟ ಎರಡೂ ಹೆಸರುಗಳು ಸತ್ತ ಮಕ್ಕಳವು. ಅವರಿಗೆ ಪದಕ ಸಂದದ್ದನ್ನು ಹೇಳುವ ನಾಟಕ, ಅವರನ್ನು ಆ ಜಾಗಕ್ಕೆ ಕಳಿಸಿದವರು ಯಾರು, ಕಳಿಸದೆ ಬೇರೆ ದಾರಿ ಇತ್ತೇ ಎಂಬುದನ್ನೂ ಕೇಳಬೇಕು. ಗೆರಿಲ್ಲಾ ದಾಳಿಯ ನಂತರ ಊರಿಗೆ ಏನಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಬೆಲಾರೂಸಿನ ಖತೀನ್ ಎಂಬ ಹಳ್ಳಿಯ ಹತ್ತಿರ ಗೆರಿಲ್ಲಾಗಳು ದಾಳಿ ಮಾಡಿದ್ದಕ್ಕೆ ಸೇಡಾಗಿ 1943ರ ಮಾರ್ಚ್ 22ರಂದು ಇಡೀ ಹಳ್ಳಿಯನ್ನು ಒಂದು ಕೊಟ್ಟಿಗೆಯೊಳಗೆ ಕೂಡಿ ಬೆಂಕಿ ಹಚ್ಚಿದರು. ಸತ್ತ 149 ಜನರಲ್ಲಿ 75 ಮಕ್ಕಳು. ಎದುರು ನಿಲ್ಲಬೇಕೋ ಬೇಡವೋ ಎಂದು ತೀರ್ಮಾನಿಸುವ ಹಿರಿಯನ ಎದೆಯ ಮೇಲಿದ್ದ ಭಾರ ಇದು. ಹದಿನಾಲ್ಕರ ಹುಡುಗನ ಮೇಲೆ ಅದನ್ನು ಹೊರಿಸಬಾರದು.

ಕಾರಂಜಾ ದಂಡೆ (ಭಾಲ್ಕಿ):
ಖತೀನ್ ಎಂದೊಡನೆ ನಮಗೆ ಗೋರ್ಟಾ ನೆನಪಾಗುತ್ತದೆ. 1948ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಆ ಹಳ್ಳಿಯ ಮೇಲೆ ರಜಾಕಾರರು ನಡೆಸಿದ ದಾಳಿಯಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಈ ಭಾಗದಲ್ಲಿ ಹೇಳುತ್ತಾರೆ. ಸುತ್ತಲಿನ ಊರುಗಳ ಜನ ಆ ಸುದ್ದಿ ಕೇಳಿಯೇ ಮನೆ ಬಿಟ್ಟರು. ಆಯಿಗೆ ಅದು ಬೇಸಿಗೆಯ ನೆನಪು. ಹೊಲಗಳೆಲ್ಲ ಬರಿದಾಗಿದ್ದರಿಂದ ಅಡಗಲು ಪೈರಿರಲಿಲ್ಲ, ಕಣಿಕಿಯ ಬಣವೆಗಳ ನಡುವೆ ಕುಳಿತಿದ್ದೆವು, ತಮ್ಮ ಅಳದಂತೆ ಅವನ ಬಾಯಿಗೆ ಬೆಲ್ಲ ಇಡುತ್ತಿದ್ದೆ ಎನ್ನುತ್ತಾಳೆ. ಹಿರಿಯಕ್ಕನಾಗಿ ತಮ್ಮನ ಅಳು ತಡೆದದ್ದೂ ಊರಿಗೆ ಮಾಡಿದ ಉಪಕಾರವೇ. ಕಾಗಿಣಾದವರೇ, ಇದರಲ್ಲಿ ಎದೆಗಾರಿಕೆ ಕಡಿಮೆಯೇ?

ಕಾಗಿಣಾ ಹುಡುಗ (ಸೇಡಂ):
ಇಲ್ಲ, ಇದರಲ್ಲಿ ಎದೆಗಾರಿಕೆ ಹೆಚ್ಚೇ ಇದೆ. ಆದರೆ ಗೋರ್ಟಾದ ಹೆಸರು ನಾಟಕದಲ್ಲಿ ಬರಲೇಬೇಕು. ಅಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ, ಅಷ್ಟು ವರ್ಷ ನಾವು ಅವರನ್ನು ಮರೆತಿದ್ದೆವು.

ಹಫ್ತ್ ಗುಂಬಜ್ (ಕಲಬುರಗಿ):
ಎಲ್ಲ ಪ್ರತಿಕ್ರಿಯೆಗಳನ್ನೂ ಓದಿದೆ. ಗೋರ್ಟಾದ ಹೆಸರು ಬರಲೇಬೇಕೆಂಬ ಮಾತನ್ನು ನಾನೂ ಒಪ್ಪುತ್ತೇನೆ. ಅದರ ಜೊತೆಗೆ ಇನ್ನೊಂದು ಬರಬೇಕು, ಅದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನಮ್ಮ ನಾನಿ 1948ರಲ್ಲಿ ಎಂಟು ವರ್ಷದವರು. ಅವರ ತಂದೆ ಹತ್ತಿ ಜಿನ್ನಿನಲ್ಲಿ ಕೂಲಿ ಮಾಡುತ್ತಿದ್ದರು. ಅವರಿಗೂ ರಜಾಕಾರರಿಗೂ ಯಾವ ಸಂಬಂಧವೂ ಇರಲಿಲ್ಲ. ಸೆಪ್ಟೆಂಬರ್ 17ರ ನಂತರ ಊರಿಗೆ ಸೇಡಿನ ಗುಂಪುಗಳು ಬರತೊಡಗಿದಾಗ ಪಕ್ಕದ ಲಿಂಗಾಯತರ ಮನೆಯವರು ನಾನಿಯನ್ನೂ ಅವರ ತಾಯಿಯನ್ನೂ ತಮ್ಮ ಮನೆಯ ಖಾಲಿ ಹಗೇವಿನಲ್ಲಿ ಇಳಿಸಿದರು.

ಹಗೇವು ಕಂಡವರಿಗೆ ಗೊತ್ತು, ಅದರೊಳಗೆ ಗಾಳಿ ನಿಂತಿರುತ್ತದೆ, ಕಾಳು ತೆಗೆಯಲು ಇಳಿಯುವವರೂ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಮೊದಲು ದೀಪ ಇಳಿಸಿ ನೋಡಿಯೇ ಇಳಿಯುತ್ತಾರೆ. ಬಾಯಿ ಪೂರ್ತಿ ಮುಚ್ಚಿದರೆ ಒಳಗಿದ್ದವರು ಉಳಿಯುವುದಿಲ್ಲ, ತೆರೆದಿಟ್ಟರೆ ಹೊರಗಿನವರಿಗೆ ಕಾಣುತ್ತದೆ. ಆ ಮನೆಯ ಹತ್ತು ವರ್ಷದ ಹುಡುಗ ಮುಚ್ಚುಗಲ್ಲಿನ ಅಡಿಗೆ ಕಟ್ಟಿಗೆಯ ತುಂಡು ಸಿಕ್ಕಿಸಿ ಸಂದು ಮಾಡಿ, ಅದರ ಮೇಲೆ ಗೋಣಿ ಹಾಸಿ, ಶೇಂಗಾ ಸುಲಿಯುತ್ತ ದಿನವಿಡೀ ಅಲ್ಲೇ ಕುಳಿತಿರುತ್ತಿದ್ದನಂತೆ. ಅಂಗಳಕ್ಕೆ ಯಾರಾದರೂ ಬಂದರೆ ಮಗ್ಗಿ ಹೇಳಲು ಶುರು ಮಾಡುತ್ತಿದ್ದ, ಅದು ಕೇಳಿದರೆ ಒಳಗಿನವರು ಉಸಿರೆತ್ತಬಾರದು. ರಾತ್ರಿ ಹಗ್ಗಕ್ಕೆ ಕಟ್ಟಿ ನೀರಿನ ತಂಬಿಗೆ ಇಳಿಸುತ್ತಿದ್ದ. ನಾನಿ ಅವನನ್ನು ಕೊನೆಯವರೆಗೂ ‘ಭಯ್ಯಾ’ ಎಂದೇ ಕರೆದರು, ನಾಗರಪಂಚಮಿಗೆ ಅವರ ಮನೆಯ ಉಂಡಿ ನಮ್ಮ ಮನೆಗೆ ಬರುವುದು ಇಂದಿಗೂ ನಿಂತಿಲ್ಲ.

ಭಾರತ ಸರಕಾರವೇ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿ ಕೊಟ್ಟ ವರದಿಯಲ್ಲಿ, ಭಾರತದ ಸೈನ್ಯದ ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿದೆ. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ ಮತ್ತು ಬೀದರ್ ಇವೆ. ಸೆಪ್ಟೆಂಬರ್ 17ರ ನಾಟಕ ನೋಡಲು ಬರುವ ಮಕ್ಕಳಲ್ಲಿ ಆ ಮನೆಗಳ ಮಕ್ಕಳೂ ಇರುತ್ತಾರೆ ಮೇಡಂ.

ಕಾಗಿಣಾ ಹುಡುಗ (ಸೇಡಂ):
ನಿಮ್ಮ ನಾನಿಯವರ ಸಂಗತಿ ಮನಸ್ಸಿಗೆ ತಟ್ಟಿತು. ಆದರೆ ಇದು ಬೇರೆ ವಿಷಯವಲ್ಲವೇ? ವಿಮೋಚನೆಯ ದಿನ ವಿಮೋಚನೆಯ ಕಥೆ ಹೇಳಬೇಕು. ಎರಡನ್ನೂ ಒಂದೇ ನಾಟಕದಲ್ಲಿ ಇಟ್ಟರೆ ರಜಾಕಾರರು ಮಾಡಿದ್ದು ಹಗುರವಾಗಿ ಕಾಣುವ ಅಪಾಯವಿದೆ.

ಹಫ್ತ್ ಗುಂಬಜ್ (ಕಲಬುರಗಿ):
ಹಗುರವಾಗುವುದಿಲ್ಲ ಭಾಯಿ. ರಜಾಕಾರರ ವಿರುದ್ಧ ಬರೆದು ಪ್ರಾಣ ಕೊಟ್ಟವರಲ್ಲಿ ಉರ್ದು ಪತ್ರಿಕೆ ‘ಇಮ್ರೋಜ್’ನ ಸಂಪಾದಕ ಶೋಯೆಬುಲ್ಲಾ ಖಾನ್ ಒಬ್ಬರು. 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಅವರನ್ನು ಕೊಂದರು. ಕುಳ್ಳಿನ ಬುಟ್ಟಿಯ ಕೆಳಗೆ ರೊಟ್ಟಿ ಒಯ್ದ ಹುಡುಗಿಯೂ ಹಗೇವಿನ ಮೇಲೆ ಕುಳಿತ ಹುಡುಗನೂ ಮಾಡಿದ್ದು ಒಂದೇ ಕೆಲಸ. ಆಯುಧ ಹಿಡಿದು ಬಂದವರಿಂದ ನೆರೆಯವರನ್ನು ಉಳಿಸಿದರು. ಬಂದವರು ಯಾವ ಘೋಷಣೆ ಕೂಗುತ್ತಿದ್ದರು ಎಂದು ನೋಡಿ ಅವರ ಧೈರ್ಯಕ್ಕೆ ಹೆಚ್ಚುಕಡಿಮೆ ಬೆಲೆ ಕಟ್ಟಲು ನನ್ನಿಂದಾಗದು.

ದಫ್ತರ ಖಾನೆ (ಕಲಬುರಗಿ):
ಅಕ್ಕಾವರು ಹೇಳಿದ ಸಮಿತಿಯ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸಿರಲಿಲ್ಲ. ಅದನ್ನು ಓದಿದವರಿಗೆ ಅದರಲ್ಲಿರುವ ಇನ್ನೊಂದು ಸಂಗತಿಯೂ ತಿಳಿದಿದೆ. ನೆರೆಯ ಮುಸ್ಲಿಮರನ್ನು ತಮ್ಮ ಪ್ರಾಣ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳ ಬಗ್ಗೆಯೂ ಸಮಿತಿ ಬರೆದಿದೆ. ಹೀಗಾಗಿ ಹಗೇವಿನ ಹುಡುಗ ಒಬ್ಬನೇ ಅಲ್ಲ.

ಚಿತ್ತಾಪುರದ ಕಲ್ಲು:
ಸುರಪುರದ ರಾಜಾ ವೆಂಕಟಪ್ಪ ನಾಯಕರನ್ನೂ ಸೇರಿಸಬಹುದಲ್ಲ? ಅವರೂ ಎಳೆಯ ವಯಸ್ಸಿನಲ್ಲೇ ಹೋರಾಡಿದವರು.

ಶಹಾಪುರದ ಓದುಗ:
ಸೇರಿಸುವುದು ಸರಿಯಾಗದು. ತಂದೆ 1842ರಲ್ಲಿ ತೀರಿಕೊಂಡಾಗ ಅವರು ಬಾಲಕರು. ಸಂಸ್ಥಾನದ ಆಡಳಿತವನ್ನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನೋಡಿಕೊಂಡರು. ಆದರೆ 1858ರ ಫೆಬ್ರುವರಿಯಲ್ಲಿ ಸುರಪುರದ ಮೇಲೆ ಬ್ರಿಟಿಷ್ ಪಡೆ ಬಂದಾಗ ಅವರು ಬೆಳೆದ ಯುವಕರು, ತಮ್ಮ ತೀರ್ಮಾನವನ್ನು ತಾವೇ ಮಾಡಿದ ಅರಸರು. ಅವರ ಕಥೆಗೆ ಪ್ರತ್ಯೇಕ ನಾಟಕವೇ ಬೇಕು. ಮಕ್ಕಳೇ ಸಂಘಟಿತರಾದದ್ದಕ್ಕೆ ನಮ್ಮ ದೇಶದ ಉದಾಹರಣೆ ಬೇಕಿದ್ದರೆ 1930ರಲ್ಲಿ ಅಲಹಾಬಾದಿನಲ್ಲಿ ಬಾಲಕಿ ಇಂದಿರಾ (ಮುಂದೆ ಪ್ರಧಾನಿಯಾದ ಇಂದಿರಾ ಗಾಂಧಿ) ಕಟ್ಟಿದ ವಾನರಸೇನೆ ಇದೆ. ಧ್ವಜ ಹೊಲಿಯುವುದು, ಸುದ್ದಿ ಮುಟ್ಟಿಸುವುದು, ಪೊಲೀಸರು ಬರುತ್ತಿದ್ದರೆ ಎಚ್ಚರಿಸುವುದು ಆ ಮಕ್ಕಳ ಕೆಲಸವಾಗಿತ್ತು.

ಮಕ್ಕಳ ಮನೆ (ಯಾದಗಿರಿ):
ಮೇಡಂ, ನಿಮ್ಮ ಹಿರಿಯ ಶಿಕ್ಷಕರ ಪ್ರಶ್ನೆಗೆ ಇನ್ನೂ ಯಾರೂ ನೇರವಾಗಿ ಉತ್ತರಿಸಿಲ್ಲ. ಸಂಕಟಕ್ಕೆ ಸಿಕ್ಕ ಮಕ್ಕಳ ಜೊತೆ ಕೆಲಸ ಮಾಡುವವಳಾಗಿ ನನ್ನ ಅಭಿಪ್ರಾಯ ಬರೆಯುತ್ತೇನೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು 15 ವರ್ಷದೊಳಗಿನವರನ್ನು ನೇರ ಯುದ್ಧಕ್ಕೆ ಹಚ್ಚಬಾರದು ಎಂದಿತು. 2000ದ ಐಚ್ಛಿಕ ಒಪ್ಪಂದ ಅದನ್ನು 18ಕ್ಕೆ ಏರಿಸಿತು, ಭಾರತ 2005ರಲ್ಲಿ ಅದನ್ನು ಅಂಗೀಕರಿಸಿತು. ಈ ಗೆರೆಗಳು 1948ರಲ್ಲಿ ಇರಲಿಲ್ಲ, ಅಂದಿನವರನ್ನು ಇಂದಿನ ಕಾನೂನಿನಿಂದ ಅಳೆಯಲು ನಾನು ಹೇಳುತ್ತಿಲ್ಲ. ಹೇಳುವುದಿಷ್ಟೇ, ಆ ಮಕ್ಕಳ ಮುಂದೆ ‘ಒಲ್ಲೆ’ ಎನ್ನುವ ದಾರಿ ಇರಲಿಲ್ಲ. ಅಪ್ಪ ಗುಡ್ಡದಲ್ಲಿ ಹಸಿದು ಕುಳಿತಿದ್ದಾನೆ, ಬುಟ್ಟಿ ಒಯ್ಯುವೆಯಾ ಎಂದು ಅವ್ವ ಕೇಳಿದರೆ ಒಂಬತ್ತರ ಹುಡುಗಿ ಏನು ಹೇಳಬಲ್ಲಳು?

ಆದ್ದರಿಂದ ನಾಟಕದಲ್ಲಿ ಬುಟ್ಟಿ ಹೊರಿಸಿ ಕಳಿಸಿದ ತಾಯಿಯನ್ನೂ ರಂಗದ ಮೇಲೆ ಇಡಿರಿ. ಮಗಳು ತಿರುಗಿ ಬರುವತನಕ ಆಕೆ ಹೇಗೆ ಹೊಸ್ತಿಲಲ್ಲಿ ಕುಳಿತಿದ್ದಳು ಎಂಬುದನ್ನು ನೋಡಿದರೆ ಕೂತ ತಾಯಂದಿರಿಗೂ ಮಕ್ಕಳಿಗೂ ಎರಡೂ ಒಟ್ಟಿಗೆ ತಿಳಿಯುತ್ತದೆ, ಕೆಲಸ ದೊಡ್ಡದು, ಆದರೆ ಮಗುವಿನ ಮೇಲೆ ಅದು ಬೀಳಬಾರದಿತ್ತು ಎಂಬುದು. ನನ್ನ ಉತ್ತರ ಇದು. ಶೌರ್ಯವೆಂದು ಕರೆಯಿರಿ, ಅದರೊಟ್ಟಿಗೆ ದೊಡ್ಡವರ ಹೊಣೆಯನ್ನೂ ಹೆಸರಿಸಿರಿ. ಆ ಹುಡುಗಿಯರಿಗೆ ಮುಂದೆ ಎಷ್ಟೋ ವರ್ಷ ರಾತ್ರಿ ನಿದ್ದೆ ಬರಲಿಲ್ಲ ಎಂಬ ಮಾತುಗಳನ್ನು ನಾನು ಅಜ್ಜಿಯರ ಬಾಯಿಂದಲೇ ಕೇಳಿದ್ದೇನೆ.

ಕಾರಂಜಾ ದಂಡೆ (ಭಾಲ್ಕಿ):
ನಮ್ಮ ಆಯಿ ಇಂದಿಗೂ ಕುದುರೆ ಗೊರಸಿನ ಸಪ್ಪಳ ಕೇಳಿದರೆ ಮಾತು ನಿಲ್ಲಿಸುತ್ತಾಳೆ. ಮದುವೆಯ ಮೆರವಣಿಗೆಯ ಕುದುರೆಯಾದರೂ ಅಷ್ಟೇ. ಮಕ್ಕಳ ಮನೆಯವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.

ರಂಗದ ಹಿಂದೆ (ಕಲಬುರಗಿ):
ಹುಡುಗರಿಗೂ ಬಂದೂಕಿಲ್ಲದ ಗಟ್ಟಿ ಪಾತ್ರ ಬೇಕಲ್ಲ, ಅದಕ್ಕೊಂದು ಸಲಹೆ. ನಾರ್ವೆಯಲ್ಲಿ 1942ರಲ್ಲಿ ಜರ್ಮನರ ಪರವಾಗಿದ್ದ ಕ್ವಿಸ್ಲಿಂಗ್ ಸರಕಾರ, ಶಿಕ್ಷಕರೆಲ್ಲ ತನ್ನ ಸಂಘಕ್ಕೆ ಸೇರಬೇಕು, ಮಕ್ಕಳೆಲ್ಲ ತನ್ನ ಯುವದಳಕ್ಕೆ ಸೇರಬೇಕು ಎಂದು ಆಜ್ಞೆ ಮಾಡಿತು. ಬಹುಪಾಲು ಶಿಕ್ಷಕರು ಒಪ್ಪುವುದಿಲ್ಲವೆಂದು ಬರೆದು ಕಳಿಸಿದರು. ಸರಕಾರ ಉರುವಲಿನ ಕೊರತೆಯ ನೆಪ ಹೇಳಿ ಶಾಲೆಗಳನ್ನೇ ಮುಚ್ಚಿತು, ಸುಮಾರು 1,100 ಶಿಕ್ಷಕರನ್ನು ಬಂಧಿಸಿ ಅವರಲ್ಲಿ ನೂರಾರು ಜನರನ್ನು ದೂರದ ಉತ್ತರದ ಕಿರ್ಕೆನೆಸ್‌ಗೆ ಕೂಲಿಗೆ ಅಟ್ಟಿತು. ಅವರನ್ನು ಒಯ್ಯುವ ರೈಲು ಹಾದುಹೋಗುವಾಗ ಹಳಿಗಳ ಬದಿಯಲ್ಲಿ ಮಕ್ಕಳು ನಿಂತು ಹಾಡಿದರು. ಆ ವರ್ಷವೇ ಸರಕಾರ ಹಿಂದೆ ಸರಿಯಿತು, ನವೆಂಬರ್ ಹೊತ್ತಿಗೆ ಶಿಕ್ಷಕರು ಮನೆಗೆ ಮರಳಿದರು. ಈ ದೃಶ್ಯಕ್ಕೆ ಒಂದು ಬೆಂಚು, ಹತ್ತು ಹುಡುಗರು, ಒಂದು ಹಾಡು ಸಾಕು. ಮೊದಲ ದೃಶ್ಯ ನಾರ್ವೆ, ಎರಡನೆಯದು ಹುಡೇವು, ಮೂರನೆಯದು ಹಗೇವು ಎಂದು ಕಟ್ಟಿರಿ.

ಕಾಗಿಣಾ ಹುಡುಗ (ಸೇಡಂ):
ಹಗೇವಿನ ಮೊದಲು ಗೋರ್ಟಾ ಇರಲಿ. ಅಷ್ಟಾದರೆ ಈ ಕ್ರಮಕ್ಕೆ ನನ್ನ ಆಕ್ಷೇಪವಿಲ್ಲ. ಬಂದೂಕಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ. ಊರು ಕಾಯಲು ನಾಡಬಂದೂಕು, ಕವಣೆ ಹಿಡಿದ ಗಂಡಸರಾದರೂ ರಂಗದ ಮೇಲೆ ಕಾಣಬೇಕು, ಇಲ್ಲದಿದ್ದರೆ ರೊಟ್ಟಿ ಯಾರಿಗೆ ಹೋಗುತ್ತಿತ್ತು ಎಂಬುದೇ ನೋಡುವವರಿಗೆ ತಿಳಿಯುವುದಿಲ್ಲ.

ಮಕ್ಕಳ ಮನೆ (ಯಾದಗಿರಿ):
ಗಂಡಸರ ಕೈಯಲ್ಲಿ ಇರಲಿ, ಅದಕ್ಕೆ ನನ್ನ ತಕರಾರಿಲ್ಲ.

ಶಾಲೆಯಂಗಳ (ಆಳಂದ):
ಎಲ್ಲರಿಗೂ ವಂದನೆ. ನಾಟಕಕ್ಕೆ ಮೊದಲು ಮಕ್ಕಳನ್ನು ಊರಿನ ಹಿರಿಯರ ಬಳಿಗೆ ಕಳಿಸಿ, ಅವರ ಬಾಯಿಂದಲೇ ಕೇಳಿ ಬರೆದುಕೊಂಡು ಬರಲು ಹೇಳುತ್ತೇನೆ. ಅಂದು ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ, ಇನ್ನು ತಡ ಮಾಡುವಂತಿಲ್ಲ. ಕೇಳುವ ರೀತಿಯ ಬಗ್ಗೆ ಯಾರಾದರೂ ತಿಳಿಸುವಿರಾ?

ದಫ್ತರ ಖಾನೆ (ಕಲಬುರಗಿ):
ಮೇಡಂ, ಒಂದು ಕಡೆಯಿಂದ ಪ್ರಶ್ನೆಪಟ್ಟಿ ಓದಿಸಬೇಡಿರಿ. ‘ಆಗ ನಿಮ್ಮ ಮನೆಯಲ್ಲಿ ಯಾರ್ಯಾರಿದ್ದರು?’ ಎಂದು ಶುರು ಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ. ಅಜ್ಜ ಅಜ್ಜಿಯರು ತಾರೀಖು ಹೇಳುವುದಿಲ್ಲ, ಕಾರಹುಣ್ಣಿಮೆ, ಪಂಚಮಿ, ಗಣಪತಿ ಹಬ್ಬದ ಲೆಕ್ಕದಲ್ಲಿ ಹೇಳುತ್ತಾರೆ. ಹಬ್ಬವನ್ನು ಹಾಗೆಯೇ ಬರೆದುಕೊಂಡು, 1948ರ ಪಂಚಾಂಗದೊಂದಿಗೆ ನಂತರ ತಾಳೆ ನೋಡಿರಿ. ತಾವು ಕಣ್ಣಾರೆ ಕಂಡದ್ದು ಯಾವುದು, ಅವರಿವರಿಂದ ಕೇಳಿದ್ದು ಯಾವುದು ಎಂದು ಕೇಳಿ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಸಿರಿ. ಕೊಂದವರ, ದೋಚಿದವರ ಹೆಸರು ಬಂದರೆ ಅದನ್ನು ನಾಟಕಕ್ಕೆ ತರಬೇಡಿರಿ, ಅವರ ಮೊಮ್ಮಕ್ಕಳೂ ಅದೇ ಊರಿನಲ್ಲಿದ್ದಾರೆ.

ಸೈನ್ಯ ಬಂದ ದಿನದ ನೆನಪನ್ನು ಪರೀಕ್ಷಿಸಲು ಒಂದು ಆಧಾರ ಕೊಡುತ್ತೇನೆ. ಭಾರತದ ಸೈನ್ಯದ ಮುಖ್ಯ ದಂಡು ಮೇಜರ್ ಜನರಲ್ ಜೆ.ಎನ್. ಚೌಧರಿಯವರ ನೇತೃತ್ವದಲ್ಲಿ ಸೆಪ್ಟೆಂಬರ್ 13ರ ನಸುಕಿನಲ್ಲಿ ಸೋಲಾಪುರದಿಂದ ಹೊರಟು ನಳದುರ್ಗ, ಹುಮನಾಬಾದ್, ಜಹೀರಾಬಾದ್ ದಾರಿಯಲ್ಲಿ ಸಾಗಿತು. 17ರ ಸಂಜೆ ನಿಜಾಮರ ಕಡೆಯಿಂದ ಶರಣಾಗತಿ ಬಂತು. ಆ ರಸ್ತೆಯ ಬದಿಯ ಊರಿನವರಾದರೆ ‘ಟ್ಯಾಂಕು ಮೊದಲು ಕಂಡದ್ದು ಎಲ್ಲಿ ನಿಂತಾಗ, ಆಗ ಕೈಯಲ್ಲಿ ಏನಿತ್ತು?’ ಎಂದು ಕೇಳಿರಿ. ಒಳಗಿನ ಹಳ್ಳಿಗಳಿಗೆ ಸುದ್ದಿ ತಡವಾಗಿ ತಲುಪಿತು, ಹಲವರು ಸೈನ್ಯವನ್ನೇ ನೋಡಿರಲಿಕ್ಕಿಲ್ಲ. ಅವರ ಬಳಿ ‘ಹುಡೇವಿನ ಮೇಲೆ ಕೂರುವುದು ಯಾವಾಗ ನಿಂತಿತು, ನಿಲ್ಲಿಸು ಎಂದು ಹೇಳಿದವರು ಯಾರು?’ ಎಂದು ಕೇಳಿಸಿರಿ. ಮಕ್ಕಳು ಬರೆದು ತಂದದ್ದನ್ನು ಇಲ್ಲಿ ಹಾಕಿದರೆ ದಿನಾಂಕ ಮತ್ತು ಊರುಗಳನ್ನು ಹೊಂದಿಸಲು ನಾನು ನೆರವಾಗುತ್ತೇನೆ.